ಕನ್ನಡ ವಿಕಿಪೀಡಿಯ: ಬರೆದವರು, ತಿದ್ದಿದವರು

ಸಂಸ್ಥೆಯ ಚರಿತ್ರೆ ಬರೆಯಹೊರಟವರು ಮೊದಲು ಹುಡುಕುವುದು ನಡಾವಳಿ ಪುಸ್ತಕವನ್ನು, ಆಮೇಲೆ ಶಂಕುಸ್ಥಾಪನೆಯ ಕಲ್ಲನ್ನು. ಕನ್ನಡ ವಿಕಿಪೀಡಿಯಕ್ಕೆ ಕಲ್ಲೂ ಇಲ್ಲ, ಕಟ್ಟಡವೂ ಇಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಯಾರೂ ಇಲ್ಲ. ನಡಾವಳಿ ಮಾತ್ರ ಬೇಕಾದಷ್ಟಿದೆ. ಯಾವುದೇ ಪುಟದ ನೆತ್ತಿಯಲ್ಲಿರುವ ‘ಇತಿಹಾಸ’ವನ್ನು ಒತ್ತಿದರೆ ಸಾಕು, ಯಾರು ಯಾವ ದಿನ ಎಷ್ಟು ಗಂಟೆಗೆ ಏನು ಸೇರಿಸಿದರು, ಏನು ಹೊಡೆದುಹಾಕಿದರು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಒಂದು ಕೊಂಬನ್ನು ದೀರ್ಘ ಮಾಡಿದ್ದಕ್ಕೂ ಅಲ್ಲಿ ದಾಖಲೆ ಉಂಟು. ನಮ್ಮ ನಾಡಿನ ಎಷ್ಟೋ ಹಳೆಯ ಸಂಘಗಳಿಗೆ ಇಲ್ಲದ ಭಾಗ್ಯ ಇದು. ಆದರೆ ಪುಟದ ಕೆಳಗೆ ಲೇಖಕರ ಹೆಸರು ಹಾಕುವ ಪದ್ಧತಿ ಇಲ್ಲಿಲ್ಲ. ಬಹಳ ಮಂದಿ ದುಡಿದದ್ದೂ ಬಳಕೆದಾರ ಹೆಸರುಗಳ ಮರೆಯಲ್ಲಿ. ಹಾಗಾಗಿ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವಷ್ಟು ಹೆಸರುಗಳು ಈ ಲೇಖನದಲ್ಲಿ ಇಲ್ಲ.

ಮೂಲ ಇಂಗ್ಲಿಷ್ ವಿಕಿಪೀಡಿಯವನ್ನು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಆರಂಭಿಸಿದ್ದು 2001ರ ಜನವರಿ 15ರಂದು. ಅದಕ್ಕೂ ಮುಂಚೆ ಅವರು ನ್ಯೂಪೀಡಿಯ ಎಂಬ ವಿಶ್ವಕೋಶ ಮಾಡಹೊರಟಿದ್ದರು. ಅದರಲ್ಲಿ ವಿದ್ವಾಂಸರು ಬರೆಯಬೇಕು, ಇತರ ವಿದ್ವಾಂಸರು ಹಂತಹಂತವಾಗಿ ಪರಿಶೀಲಿಸಬೇಕು, ಆಮೇಲೆ ಪ್ರಕಟಣೆ. ಲೇಖನಗಳು ಹೊರಬರುವುದೇ ಅಪರೂಪವಾಯಿತು. ಕೊನೆಗೆ ಯಾರು ಬೇಕಾದರೂ ಬರೆಯಲಿ, ಯಾರು ಬೇಕಾದರೂ ತಿದ್ದಲಿ ಎಂದು ಬಾಗಿಲು ತೆರೆದರು. ಕನ್ನಡದ ಪುಟ ತೆರೆದದ್ದು 2003ರ ಜೂನ್‌ನಲ್ಲಿ. ಅದೇ ತಿಂಗಳ 20ರಂದು ಅಮೆರಿಕದಲ್ಲಿ ಈ ಎಲ್ಲ ವಿಕಿಗಳನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಹುಟ್ಟಿತು. ಮಲಯಾಳಂ ನಮಗಿಂತ ಕೆಲವು ತಿಂಗಳು ಮುಂಚೆ ಶುರುವಾಗಿತ್ತು. ತಮಿಳು, ತೆಲುಗು ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದವು. ನಾಲ್ಕೂ ಒಂದೇ ವಾರಿಗೆಯವು ಎಂಬುದನ್ನು ನೆನಪಿಡಬೇಕು, ಆ ಮಾತು ಮುಂದೆ ಬೇಕಾಗುತ್ತದೆ.

ವಿಶ್ವಕೋಶ ಕನ್ನಡಕ್ಕೆ ಹೊಸದೇನಲ್ಲ. ಶಿವರಾಮ ಕಾರಂತರು ಒಬ್ಬರೇ ಕೂತು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ನಿರಂಜನರು ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನು ಸಂಪಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯ ದಶಕಗಳ ಕಾಲ ದುಡಿದು ಹದಿನಾಲ್ಕು ಸಂಪುಟಗಳ ವಿಶ್ವಕೋಶವನ್ನು ಕೊಟ್ಟಿತು. ಇವೆಲ್ಲಕ್ಕೂ ಒಬ್ಬ ಪ್ರಧಾನ ಸಂಪಾದಕರು, ಒಂದು ಮುದ್ರಣಾಲಯ, ಒಂದು ಬಿಡುಗಡೆಯ ದಿನ ಇತ್ತು. 2003ರಲ್ಲಿ ಹೊಸ ಪ್ರಯತ್ನಕ್ಕೆ ಕೈ ಹಾಕಿದವರಿಗೆ ಇವಾವುವೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ ಎಂಬ ಖಾತರಿಯೂ ಇರಲಿಲ್ಲ.

ಇಂದಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಕಚೇರಿಗಳಲ್ಲಿ, ಅಚ್ಚುಕೂಟಗಳಲ್ಲಿ ನುಡಿ, ಬರಹ, ಶ್ರೀಲಿಪಿಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಆದರೆ ಒಂದರಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ವಿಕಿಪೀಡಿಯಕ್ಕೆ ಬೇಕಾಗಿದ್ದದ್ದು ಯುನಿಕೋಡ್. ವಿಂಡೋಸ್ 98 ಇದ್ದವರಿಗೆ ಕನ್ನಡದ ಪುಟ ಬರೀ ಚೌಕುಳಿಗಳಾಗಿ ಕಾಣುತ್ತಿತ್ತು. ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇದ್ದರೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಅಳವಡಿಸಿಕೊಳ್ಳಬೇಕಿತ್ತು, ಅದಕ್ಕೆ ಎಷ್ಟೋ ಸಲ ಮೂಲ ಸಿ.ಡಿ.ಯೂ ಬೇಕಾಗುತ್ತಿತ್ತು. ಸೈಬರ್ ಕೆಫೆಗಳಲ್ಲಿ ಸಿ.ಡಿ. ಕೇಳಿದರೆ ಯಾರು ಕೊಡುತ್ತಾರೆ? ಮೊದಲ ತಲೆಮಾರಿನ ಸಂಪಾದಕರು ಹೆಚ್ಚಾಗಿ ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ದುಡಿಯುವವರೋ ಹೊರದೇಶಗಳಲ್ಲಿ ನೆಲೆಸಿದವರೋ ಆಗಿದ್ದಕ್ಕೆ ಇದೇ ಕಾರಣ. ಭಾಷಾಪ್ರೇಮ ಎಲ್ಲ ಕಡೆ ಇತ್ತು, ಯುನಿಕೋಡ್ ಎಲ್ಲ ಕಡೆ ಇರಲಿಲ್ಲ. ಆರಂಭದ ವರ್ಷಗಳಲ್ಲಿ ನಿರ್ವಾಹಕರಾಗಿ ಹೊಣೆ ಹೊತ್ತವರಲ್ಲಿ ‘ಸಂಪದ’ ಜಾಲತಾಣದ ಹರಿಪ್ರಸಾದ್ ನಾಡಿಗರನ್ನು ಇಲ್ಲಿ ಹೆಸರಿಸಲೇಬೇಕು. ಅಂದಿನವರು ಲೇಖನ ಬರೆದಷ್ಟೇ ಶ್ರಮಪಟ್ಟು ಕನ್ನಡ ಕಾಣುವಂತೆ ಮಾಡಿಕೊಳ್ಳುವುದು ಹೇಗೆಂಬ ಸಹಾಯ ಪುಟಗಳನ್ನೂ ಬರೆದರು. ತಂತ್ರಾಂಶದ ಗುಂಡಿಗಳು, ಸೂಚನೆಗಳು, ಎಚ್ಚರಿಕೆಗಳನ್ನೆಲ್ಲ ಒಂದೊಂದಾಗಿ ಕನ್ನಡಕ್ಕೆ ತಂದರು.

ಕೆಲವು ತೊಡಕುಗಳು ಈಗಲೂ ಹೋಗಿಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ ಅಂಟಿಕೊಳ್ಳದಿರಲೆಂದು ನಡುವೆ ಒಂದು ಕಣ್ಣಿಗೆ ಕಾಣದ ಸಂಕೇತವನ್ನು ಹಾಕಬೇಕು. ಅದನ್ನು ಹಾಕಿದ ಶೀರ್ಷಿಕೆ ಬೇರೆ, ಹಾಕದ ಶೀರ್ಷಿಕೆ ಬೇರೆ ಎಂದೇ ಗಣಕ ತಿಳಿಯುತ್ತದೆ. ಒಂದೇ ವಿಷಯಕ್ಕೆ ಎರಡು ಪುಟ ಹುಟ್ಟುವುದು ಹೀಗೆ. ಒಬ್ಬರು ಅವನ್ನು ಹುಡುಕಿ ವಿಲೀನ ಮಾಡಬೇಕು, ಉಳಿದ ಹೆಸರಿನಿಂದ ಪುನರ್ನಿರ್ದೇಶನ ಕೊಡಬೇಕು. ಇಂಥ ಕೆಲಸ ಮಾಡಿದವರಿಗೆ ಯಾವ ಸಭೆಯಲ್ಲೂ ಶಾಲು ಹೊದಿಸುವುದಿಲ್ಲ. 2011ರ ಹೊತ್ತಿಗೆ ವಿಕಿಯೊಳಗೇ ಟೈಪಿಸುವ ಸೌಲಭ್ಯ ಬಂತು. ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ, ಯಾವುದು ರೂಢಿಯೋ ಅದು. ಆಮೇಲೆ ಫೋನುಗಳಲ್ಲೂ ಕನ್ನಡ ಮೂಡತೊಡಗಿ ಬಾಗಿಲು ಇನ್ನಷ್ಟು ಅಗಲವಾಯಿತು.

ಸಮುದಾಯದ ಮಾತುಕತೆ ನಡೆಯುವ ಪುಟಕ್ಕೆ ಹಿರಿಯರು ಇಟ್ಟ ಹೆಸರು ‘ಅರಳಿ ಕಟ್ಟೆ’. ನಿಯಮ, ಜಗಳ, ಆಹ್ವಾನ, ಅಹವಾಲು ಎಲ್ಲ ಅಲ್ಲೇ. ನಿರ್ವಾಹಕರು ಯಾರಾಗಬೇಕೆಂಬುದೂ ಚರ್ಚೆಯಿಂದಲೇ ತೀರ್ಮಾನವಾಗುತ್ತದೆ. ನಿರ್ವಾಹಕ ಎಂದರೆ ಯಜಮಾನನಲ್ಲ. ಪುಟ ಅಳಿಸುವ, ಕಿಡಿಗೇಡಿಗಳನ್ನು ತಡೆಯುವ ಕೀಲಿಗೊಂಚಲು ಅವರ ಕೈಯಲ್ಲಿರುತ್ತದೆ, ಅಷ್ಟೆ. ಲೇಖನದ ಒಳಗಿನ ವಿಷಯದಲ್ಲಿ ಅವರ ಮಾತಿಗೂ ನಿನ್ನೆ ಖಾತೆ ತೆರೆದವರ ಮಾತಿಗೂ ತೂಕ ಒಂದೇ. ನಡೆಯುವುದು ಉಲ್ಲೇಖ ಯಾರ ಬಳಿ ಇದೆಯೋ ಅವರ ಮಾತು.

ಈ ಸಂಸ್ಥೆಯ ಚರಿತ್ರೆಯಲ್ಲಿ ನಿರ್ಣಾಯಕ ಘಟ್ಟ ಯಾವುದು ಎಂದು ಕೇಳಿದರೆ ನಾನು ಹೇಳುವುದು 2009ರಿಂದ 2011ರವರೆಗಿನ ಗೂಗಲ್ ಅನುವಾದ ಯೋಜನೆಯನ್ನು. ಸಂಭ್ರಮದ ಸಂಚಿಕೆಯಲ್ಲಿ ಇದನ್ನು ಹಾರಿಸಿಬಿಡುವುದು ಸುಲಭ, ಹಾರಿಸಬಾರದು. ಭಾರತೀಯ ಭಾಷೆಗಳಲ್ಲಿ ಅಂತರಜಾಲದ ಬರಹ ಹೆಚ್ಚಲಿ ಎಂಬ ಉದ್ದೇಶದಿಂದ ಗೂಗಲ್ ಸಂಸ್ಥೆ ಅನುವಾದಕರನ್ನು ಹಣ ಕೊಟ್ಟು ನೇಮಿಸಿ, ತನ್ನ ಅನುವಾದ ಸಲಕರಣೆಯ ಮೂಲಕ ಇಂಗ್ಲಿಷ್ ಲೇಖನಗಳನ್ನು ತಮಿಳು, ತೆಲುಗು, ಕನ್ನಡ, ಬಂಗಾಳಿ ಮೊದಲಾದ ಭಾಷೆಗಳಿಗೆ ತರಿಸಿತು. ಉದ್ದೇಶದಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಆದರೆ ಬಂದದ್ದೇನು? ಪಾಶ್ಚಾತ್ಯ ಗಾಯಕರು, ಹಾಲಿವುಡ್ ಚಿತ್ರಗಳು, ಬಹುರಾಷ್ಟ್ರೀಯ ಕಂಪನಿಗಳು, ಔಷಧಗಳು. ಒಂದೊಂದು ಪುಟವೂ ಮುಗಿಯದಷ್ಟು ಉದ್ದ. ನಮ್ಮ ನದಿಗಳ, ತಾಲ್ಲೂಕುಗಳ ಪುಟಗಳು ನಾಲ್ಕು ಸಾಲಿನ ಚುಟುಕುಗಳಾಗಿದ್ದ ಕಾಲ ಅದು. ಕ್ರಿಯಾಪದವನ್ನು ಕೊನೆಗೆ ಒಯ್ಯುವ ಕನ್ನಡದ ನಡಿಗೆಗೆ ಇಂಗ್ಲಿಷಿನ ಉದ್ದುದ್ದ ವಾಕ್ಯಗಳನ್ನು ತುರುಕಿದ್ದರಿಂದ, ಓದುವವರು ವಾಕ್ಯದ ನಡುವೆ ಬರುವಷ್ಟರಲ್ಲಿ ಯಾರ ಮಾತೆಂಬುದೇ ಮರೆತುಹೋಗುತ್ತಿತ್ತು. ಟೆಂಪ್ಲೇಟುಗಳು ಮುರಿದಿದ್ದವು, ಕೊಂಡಿಗಳೆಲ್ಲ ಇಲ್ಲದ ಪುಟಗಳಿಗೆ ಹೋಗಿ ಕೆಂಪಾಗಿದ್ದವು. ಪುಟ ಹಾಕಿದವರನ್ನು ಚರ್ಚೆಪುಟದಲ್ಲಿ ಕೇಳಿದರೆ ಉತ್ತರ ಬರುವುದು ಕಡಿಮೆ, ಏಕೆಂದರೆ ಅವರ ಗುತ್ತಿಗೆ ಆ ಪುಟದೊಂದಿಗೇ ಮುಗಿದಿರುತ್ತಿತ್ತು.

ಬೇರೆ ಭಾಷೆಗಳವರು ಏನು ಮಾಡಿದರು ನೋಡಿ. ಬಂಗಾಳಿಯವರು ಇಂಥ ಗುಣಮಟ್ಟದ ಪುಟಗಳು ಬೇಡವೆಂದು ಖಂಡಿತವಾಗಿ ಹೇಳಿದರು. ತಮಿಳರು ಗೂಗಲ್‌ನವರೊಂದಿಗೆ ಕೂತು ಮಾತಾಡಿ, ಯಾವ ವಿಷಯ ಬೇಕು, ಬರಹ ಹೇಗಿರಬೇಕು ಎಂದು ಕೆಲವು ಷರತ್ತು ಹಾಕಿಕೊಂಡರು. ಕನ್ನಡದಲ್ಲಿ ಹಾಗೆ ಒಗ್ಗಟ್ಟಾಗಿ ನಿಲ್ಲಲು ಜನ ಸಾಲದಾಯಿತು. ಬೇಡ ಎನ್ನುವುದಕ್ಕೂ ನಾಲ್ಕು ಜನ ಬೇಕು. ಯೋಜನೆ ನಿಂತಿತು, ಪುಟಗಳು ಉಳಿದವು. ಅಂಕಿಸಂಖ್ಯೆಯ ಪಟ್ಟಿಯಲ್ಲಿ ನಮ್ಮ ಲೇಖನಗಳ ಸರಾಸರಿ ಉದ್ದ ಚೆನ್ನಾಗಿ ಕಂಡಿತು, ಓದಹೋದವರು ಮಾತ್ರ ಅರ್ಧಕ್ಕೇ ಎದ್ದುಹೋದರು. ಆ ಪುಟಗಳನ್ನು ಒಂದೊಂದಾಗಿ ಹಿಡಿದು ಕನ್ನಡವಾಗಿಸುವ ಕೆಲಸ ಆಗ ಶುರುವಾದದ್ದು ಇಂದಿಗೂ ನಡೆಯುತ್ತಿದೆ. 2015ರಲ್ಲಿ ವಿಕಿಮೀಡಿಯದ್ದೇ ಅನುವಾದ ಸಲಕರಣೆ ಬಂತು. ಅದರಲ್ಲಿ ವಿಷಯ ಆಯುವವರೂ ಪ್ರಕಟಿಸುವವರೂ ಸ್ವಯಂಸೇವಕರೇ ಆದ್ದರಿಂದ ಬರಹಕ್ಕೆ ಹೊಣೆಗಾರರಿರುತ್ತಾರೆ. ಆದರೂ ಯಂತ್ರ ಕೊಟ್ಟದ್ದನ್ನು ಕಣ್ಣುಮುಚ್ಚಿ ಪ್ರಕಟಿಸುವವರು ಅಲ್ಲೂ ಇದ್ದಾರೆ.

ಎರಡನೆಯ ದೊಡ್ಡ ಅಲೆ ಕಾಲೇಜುಗಳಿಂದ ಬಂತು. 2012ರಲ್ಲಿ ಬೆಂಗಳೂರಿನ ಸಿಐಎಸ್ ಸಂಸ್ಥೆಯಲ್ಲಿ ಭಾರತೀಯ ಭಾಷೆಗಳ ವಿಕಿಗಳಿಗೆ ಬೆಂಬಲ ಕೊಡುವ ಎ2ಕೆ ತಂಡ ರೂಪುಗೊಂಡಿತು. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ವನ್ನು ನಡೆಸಿದ್ದ ಯು.ಬಿ. ಪವನಜರು ಆ ತಂಡದಲ್ಲಿದ್ದು ಊರೂರು ತಿರುಗಿ ತರಬೇತಿ ಕೊಟ್ಟರು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾ ವಿಷಯದ ಅಂಗವಾಗಿ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಕಾರ್ಯಕ್ರಮ ಬೆಳೆಯಿತು. ಕರಾವಳಿಯ ಕಾಲೇಜುಗಳಲ್ಲೂ ವಿಕಿ ಚಟುವಟಿಕೆ ಹಬ್ಬಿತು. ಅಂಕಕ್ಕಾಗಿ ಬರೆಯುವ ಬರಹದ ಗುಣ ಹೇಗಿರುತ್ತದೆಂದು ಮೇಷ್ಟ್ರುಗಳಿಗೆ ಹೇಳಬೇಕಾಗಿಲ್ಲ. ಸೆಮಿಸ್ಟರು ಮುಗಿಯುವ ವಾರ ಇತ್ತೀಚಿನ ಬದಲಾವಣೆಗಳ ಪುಟ ಉಕ್ಕಿ ಹರಿಯುತ್ತಿತ್ತು. ಪತ್ರಿಕೆಯಿಂದ ಎತ್ತಿ ಹಾಕಿದ ಪ್ಯಾರಾ, ಯಾವುದೋ ತಾಣದಿಂದ ಇಳಿಸಿಕೊಂಡ ಫೋಟೊ, ಉಲ್ಲೇಖದ ಜಾಗದಲ್ಲಿ ಬರೀ ಗೂಗಲ್ ಹುಡುಕಾಟದ ಕೊಂಡಿ. ಕೃತಿಚೌರ್ಯ ಕಂಡರೆ ಅಳಿಸಬೇಕು. ಅಳಿಸಿದರೆ ಹುಡುಗರಿಗೆ ಅಂಕ ಹೋಗುತ್ತದೆಂದು ಅಧ್ಯಾಪಕರ ಪತ್ರ. ಹಳೆಯ ಸಂಪಾದಕರಲ್ಲಿ ಕೆಲವರು ಬೇಸತ್ತು ದೂರ ಸರಿದದ್ದೂ ಉಂಟು. ಹಾಗೆಂದು ಈ ಪ್ರಯೋಗ ಕೆಟ್ಟಿತೆಂದು ನಾನು ಹೇಳಲಾರೆ. ನೇರವಾಗಿ ಪ್ರಕಟಿಸುವ ಬದಲು ಮೊದಲು ಪ್ರಯೋಗಪುಟದಲ್ಲಿ ಬರೆಸಿ, ತಿದ್ದಿಸಿ, ಆಮೇಲೆ ಮುಖ್ಯ ಪುಟಕ್ಕೆ ಸಾಗಿಸುವ ಕ್ರಮ ಈ ಪೇಚಾಟದಿಂದಲೇ ಗಟ್ಟಿಯಾಯಿತು. ತರಗತಿಗೆ ನಾಲ್ಕು ಸಾವಿರ ಪದ ಬರೆಸುವುದಕ್ಕಿಂತ ಒಂದು ಪುಟಕ್ಕೆ ನಾಲ್ಕು ಸರಿಯಾದ ಉಲ್ಲೇಖ ಹಾಕಿಸುವುದು ಮೇಲೆಂದು ಅಧ್ಯಾಪಕರಿಗೂ ಮನವರಿಕೆಯಾಯಿತು.

ಕರಾವಳಿಯಿಂದ ಇನ್ನೊಂದು ಲಾಭವಾಯಿತು. 2016ರಲ್ಲಿ ಕನ್ನಡ ವಿಕಿಪೀಡಿಯದ ಹದಿಮೂರನೆಯ ವಾರ್ಷಿಕೋತ್ಸವ ಮಂಗಳೂರಿನಲ್ಲಿ ನಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಹೊಸ ಭಾಷೆಗಳ ವಿಕಿಗಳನ್ನು ಬೆಳೆಸುವ ತಾಣವಾದ ಇನ್‌ಕ್ಯುಬೇಟರಿನಲ್ಲಿ ವರ್ಷಗಟ್ಟಲೆ ಕಾವು ಪಡೆದಿದ್ದ ತುಳು ವಿಕಿಪೀಡಿಯ ಸ್ವತಂತ್ರ ತಾಣವಾಯಿತು. ಚಂಡೀಗಢದಲ್ಲಿ ಸೇರಿದ್ದ ಭಾರತೀಯ ವಿಕಿ ಸಮ್ಮೇಳನದಲ್ಲಿ ಅದರ ಘೋಷಣೆ ಆಯಿತು. ಕನ್ನಡ ಲಿಪಿಯಲ್ಲೇ ಬರೆಯುವ ಈ ತಾಣದ ಮೊದಲಿಗರಲ್ಲಿ ಬಹುಪಾಲು ಮಂದಿ ಕನ್ನಡ ವಿಕಿಯಲ್ಲಿ ಕೈ ಪಳಗಿಸಿಕೊಂಡವರು. ಅದಕ್ಕೂ ಒಂದು ವರ್ಷ ಮುಂಚೆ ಕೊಂಕಣಿಯದ್ದೂ ಹೊರಬಂದಿತ್ತು. ಅದರಲ್ಲಿ ದೇವನಾಗರಿ, ರೋಮನ್, ಕನ್ನಡ ಮೂರೂ ಲಿಪಿಗಳಿವೆ.

2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತಗೊಳಿಸಿತು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇಷ್ಟು ಉದಾರವಾಗಿ ನಡೆದುಕೊಂಡವು ವಿರಳ. ನಿರಂಜನರ ಕೃತಿಗಳನ್ನೂ ಅವರ ಕುಟುಂಬದವರು ಹೀಗೆಯೇ ಮುಕ್ತವಾಗಿ ಕೊಟ್ಟರು. ಕೊಟ್ಟದ್ದನ್ನು ಬಡಿಸಿಕೊಳ್ಳುವುದು ಮಾತ್ರ ಸುಲಭವಾಗಿರಲಿಲ್ಲ. ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಒತ್ತಕ್ಷರಗಳು ಕಳಚುತ್ತವೆ. ಅವನ್ನು ಕಣ್ಣಿಟ್ಟು ನೋಡಿ ತಿದ್ದಬೇಕು. ವಿಷಯವೂ ದಶಕಗಳ ಹಿಂದಿನದು: ಊರಿನ ಜನಸಂಖ್ಯೆ ಅಂದಿನ ಜನಗಣತಿಯದ್ದು, ವಿದೇಶಗಳ ಹೆಸರು ಅಂದಿನವು, ‘ಈಗ’ ಎಂದಿದ್ದಲ್ಲಿ ಅದು ಯಾವ ಈಗ ಎಂದು ಯೋಚಿಸಬೇಕು. ಆದ್ದರಿಂದ ಮೂಲ ಪಠ್ಯ, ಗ್ರಂಥಗಳನ್ನು ಇಡುವ ಸೋದರ ತಾಣವಾದ ವಿಕಿಸೋರ್ಸಿನಲ್ಲಿ ಇದ್ದಂತೆಯೇ ಉಳಿಯಿತು; ವಿಕಿಪೀಡಿಯಕ್ಕೆ ತಿದ್ದಿ ತಂದುಕೊಳ್ಳುವ ದಾರಿ ತೆರೆಯಿತು. ವಿಕಿಸೋರ್ಸಿನ ಬೆಳವಣಿಗೆಗೆ ಕಾನೂನಿನ ಮಿತಿಯೂ ಇದೆ. ನಮ್ಮಲ್ಲಿ ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಬಿ.ಎಂ.ಶ್ರೀ., ಕೈಲಾಸಂ ಸಿಗುತ್ತಾರೆ. ಹಕ್ಕುದಾರರು ತಾವಾಗಿ ಕೊಡದಿದ್ದರೆ ಡಿ.ವಿ.ಜಿ.ಯವರಿಗೆ 2036ರವರೆಗೆ, ಬೇಂದ್ರೆಯವರಿಗೆ 2042ರವರೆಗೆ, ಕುವೆಂಪು ಅವರಿಗೆ 2055ರವರೆಗೆ ಕಾಯಬೇಕು.

ಹೊಸ ಪುಟ ಬರೆಯುವುದು ಸಂತೋಷದ ಕೆಲಸ. ಇದ್ದದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದು ಸಂಸಾರದ ಕೆಲಸ. 2021ರಲ್ಲಿ ವಿಜಯನಗರ ರಾಜ್ಯದ 31ನೆಯ ಜಿಲ್ಲೆಯಾಯಿತು. ಸರ್ಕಾರದ ಆದೇಶ ಒಂದೆರಡು ಹಾಳೆಯದ್ದು. ನಮ್ಮಲ್ಲಿ ಹಂಪಿ, ಹೊಸಪೇಟೆ, ಹಡಗಲಿ, ಕೂಡ್ಲಿಗಿಗಳಿಂದ ಹಿಡಿದು ಆ ತಾಲ್ಲೂಕುಗಳ ಹಳ್ಳಿ, ಕೆರೆ, ಗುಡಿ, ಸಾಹಿತಿಗಳವರೆಗೆ ‘ಬಳ್ಳಾರಿ ಜಿಲ್ಲೆ’ ಎಂದಿದ್ದ ಪ್ರತಿ ಪುಟವನ್ನೂ ತೆರೆದು ನೋಡಬೇಕಾಯಿತು. ಸುಮ್ಮನೆ ಎಲ್ಲ ಕಡೆ ಬದಲಿಸುವಂತೆಯೂ ಇಲ್ಲ. 1950ರ ಘಟನೆಯನ್ನು ಹೇಳುವ ವಾಕ್ಯದಲ್ಲಿ ಬಳ್ಳಾರಿ ಜಿಲ್ಲೆಯೇ ಸರಿ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದಾಗ ಇಂಗ್ಲಿಷ್ ವಿಕಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು; ಬೆಂಗಳೂರು, ಮೈಸೂರು, ತುಮಕೂರು ನಮಗೆ ಎಂದಿನಿಂದಲೂ ಹಾಗೆಯೇ ಇದ್ದುದರಿಂದ ಬಿಜಾಪುರ, ಗುಲ್ಬರ್ಗಗಳಂಥ ಕೆಲವಷ್ಟೇ ನಮ್ಮ ಪಾಲಿಗೆ ಬಂದವು.

ಗಣ್ಯರು ತೀರಿಕೊಂಡ ಸುದ್ದಿ ಬಂದ ಗಳಿಗೆಯಲ್ಲಿ ಅವರ ಪುಟಕ್ಕೆ ಜನ ಮುಗಿಬೀಳುತ್ತಾರೆ, ‘ಇದ್ದಾರೆ’ ಎಂಬುದನ್ನು ‘ಇದ್ದರು’ ಮಾಡಲು. ಸುದ್ದಿ ಸುಳ್ಳಾದರೆ ಮತ್ತೆ ಬದುಕಿಸಬೇಕು. ಜಾತಿಗಳ ಪುಟಗಳಲ್ಲಿ ಪ್ರತಿಯೊಬ್ಬರ ಮೂಲಪುರುಷರೂ ಕ್ಷತ್ರಿಯರಾಗುತ್ತಾರೆ. ದೇವಸ್ಥಾನಗಳ ಪುಟಗಳಲ್ಲಿ ಸ್ಥಳಪುರಾಣವೇ ಇತಿಹಾಸವಾಗಿ ಕೂತಿರುತ್ತದೆ. ಅದನ್ನು ‘ಪ್ರತೀತಿ’ ಎಂಬ ಪದದ ಅಡಿಗೆ ತಂದರೆ ಭಕ್ತರಿಗೆ ಕೋಪ, ಪೂರ್ತಿ ತೆಗೆದರೆ ಜಾನಪದದವರಿಗೆ ಬೇಸರ. ರಾಜಕಾರಣಿಗಳ ಪುಟದ ಮಾತು ಹೇಳದಿರುವುದೇ ಲೇಸು. ಇವನ್ನೆಲ್ಲ ಜಗಳವಾಡದೆ, ಚರ್ಚೆಪುಟದಲ್ಲಿ ಸಮಾಧಾನದಿಂದ ಮಾತಾಡಿ ಬಗೆಹರಿಸುವ ಕಲೆ ಯಾವ ತರಬೇತಿ ಶಿಬಿರದಲ್ಲೂ ಬರುವುದಿಲ್ಲ.

ನಿಜಕ್ಕೂ ಕಷ್ಟದ್ದು ಉಲ್ಲೇಖದ ಪ್ರಶ್ನೆ. ಸ್ವಂತ ಸಂಶೋಧನೆ ಸಲ್ಲದು, ಪ್ರಕಟವಾದ ಆಧಾರ ಬೇಕು ಎಂಬುದು ವಿಕಿಪೀಡಿಯದ ಮೂಲ ನಿಯಮ. ಐವತ್ತು ವರ್ಷ ಗೆಜ್ಜೆ ಕಟ್ಟಿದ ಯಕ್ಷಗಾನ ಕಲಾವಿದರ ಬಗ್ಗೆ ಇಡೀ ಜಿಲ್ಲೆಗೆ ಗೊತ್ತಿರುತ್ತದೆ, ಅಚ್ಚಿನಲ್ಲಿ ಸಿಗುವುದು ಒಂದು ಸನ್ಮಾನದ ಸುದ್ದಿ. ಆ ಸುದ್ದಿ ಅಂತರಜಾಲದಲ್ಲಿ ಇದ್ದರೂ ಹಳೆಯ ಫಾಂಟಿನ ಕಾಲದ ಪುಟವಾಗಿದ್ದರೆ ಇವತ್ತಿಗೆ ಕೊಂಡಿ ಸತ್ತಿರುತ್ತದೆ. ಒಂದು ಕಾಲದ ಕನ್ನಡ ಪತ್ರಿಕೆಗಳ ಎಷ್ಟೋ ಅಂತರಜಾಲ ಪುಟಗಳು ಹೀಗೆಯೇ ಕಣ್ಮರೆಯಾಗಿವೆ. ನಿಯಮವನ್ನು ಸಡಿಲಿಸಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಡಿಲಿಸಿದರೆ ಆ ಕಲಾವಿದರಿಗಿಂತ ಮೊದಲು ಒಳಗೆ ಬರುವವರು ಸ್ವಯಂಘೋಷಿತ ಸಮಾಜಸೇವಕರು. ಈಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬರೆದುಕೊಟ್ಟ ಲೇಖನಗಳೂ ಬರುತ್ತಿವೆ. ಕನ್ನಡ ಅಚ್ಚುಕಟ್ಟಾಗಿರುತ್ತದೆ, ಅಡಿಯಲ್ಲಿ ಕೊಟ್ಟ ಪುಸ್ತಕ ಎಷ್ಟೋ ಸಲ ಲೋಕದಲ್ಲೇ ಇರುವುದಿಲ್ಲ. ಉಲ್ಲೇಖವನ್ನು ತೆರೆದು ನೋಡುವ ಮನುಷ್ಯರ ಅಗತ್ಯ ಹಿಂದೆಂದಿಗಿಂತ ಈಗ ಹೆಚ್ಚು.

ಆ ಮನುಷ್ಯರು ಎಷ್ಟಿದ್ದಾರೆ? 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ದೇಶದಲ್ಲಿ 4.37 ಕೋಟಿ. ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರ ದಾಟಿವೆ. ನಮಗಿಂತ ಕಡಿಮೆ ಜನರ ಮಲಯಾಳಂನಲ್ಲಿ 80 ಸಾವಿರಕ್ಕೂ ಹೆಚ್ಚು, ತಮಿಳಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ವಾರಿಗೆಯವರು ಮುಂದೆ ಹೋದರೆಂದು ಸ್ಪರ್ಧೆ ಏರ್ಪಡಿಸಿ ಪುಟಗಳ ಲೆಕ್ಕ ಏರಿಸಬಹುದು, ಏರಿಸಿಯೂ ಇದ್ದೇವೆ. ಎರಡು ದಶಕಗಳ ದಾಖಲೆ ಹೇಳುವುದು ಬೇರೆ. ಮಲಯಾಳಂ, ತಮಿಳುಗಳಲ್ಲಿ ವರ್ಷಾನುಗಟ್ಟಲೆ ಬಿಡದೆ ನಿಂತ ಸಂಪಾದಕರ ದಂಡಿದೆ. ನಮ್ಮಲ್ಲಿ ತಿಂಗಳು ತಿಂಗಳೂ ಕೆಲಸ ಮಾಡುವವರ ಸಂಖ್ಯೆ ಕೆಲವು ಹತ್ತುಗಳು, ನಿರ್ವಾಹಕರು ಬೆರಳೆಣಿಕೆ. ಹೊರಗಿನಿಂದ ಬಂದ ರಾಶಿ ನಮಗೆ ಎಂದೂ ಕಡಿಮೆಯಾಗಿಲ್ಲ. ಅದನ್ನು ಹಸನು ಮಾಡುವ ಕೈಗಳೇ ಕಡಿಮೆ.

ಆದ್ದರಿಂದ ಈ ಸಂಚಿಕೆಯನ್ನು ಓದುವ ನಿವೃತ್ತ ಅಧ್ಯಾಪಕರಲ್ಲಿ, ಗ್ರಂಥಪಾಲಕರಲ್ಲಿ, ಮನೆಯಲ್ಲಿ ಹಳೆಯ ಗೆಜೆಟಿಯರು, ಅಭಿನಂದನ ಗ್ರಂಥ, ಊರಿನ ಸ್ಮರಣ ಸಂಚಿಕೆಗಳನ್ನು ಜೋಪಾನ ಮಾಡಿಟ್ಟವರಲ್ಲಿ ಒಂದು ವಿನಂತಿ. ಹೊಸ ಲೇಖನ ಬರೆಯಲೇಬೇಕೆಂದಿಲ್ಲ. ನಿಮ್ಮ ತಾಲ್ಲೂಕಿನ ಪುಟ ತೆರೆಯಿರಿ. ಆಧಾರವಿಲ್ಲದೆ ನಿಂತ ಒಂದು ವಾಕ್ಯ ಖಂಡಿತ ಸಿಗುತ್ತದೆ. ನಿಮ್ಮ ಕಪಾಟಿನ ಪುಸ್ತಕದ ಹೆಸರು, ಲೇಖಕರು, ವರ್ಷ, ಪುಟಸಂಖ್ಯೆಗಳನ್ನು ಅಲ್ಲಿ ಸೇರಿಸಿ; ಪುಸ್ತಕ ಬೇರೆ ಹೇಳಿದರೆ ವಾಕ್ಯವನ್ನೇ ತಿದ್ದಿ. ಹೇಗೆಂದು ತಿಳಿಯದಿದ್ದರೆ ಅರಳಿ ಕಟ್ಟೆಯಲ್ಲಿ ಎರಡು ಸಾಲು ಬರೆದು ಕೇಳಿ, ಯಾರಾದರೊಬ್ಬರು ಉತ್ತರಿಸುತ್ತಾರೆ.